ವ್ಯಾನ್‌ದಾಗ ಸಂಸಾರ ಮಾಡ್ತೀವಿ ಅನ್ನಾವ್ರು ಮೊದಲ ಮಂಚದ ಕೆಳಗ ನೋಡ್ರಿ

ಇದನ್ನ ಬರೀಬೇಕೋ ಬ್ಯಾಡೋ ಅಂತ ಎರಡು ತಿಂಗಳ ಸುಮ್ಮನ ಕುಂತಿದ್ದೆ. ನಾಚಿಕಿ. 32 ವರ್ಷ ನೌಕರಿ ಮಾಡಿದಾಂವ, ನಾಲ್ಕು ಮಂದಿಗೆ ಬುದ್ಧಿ ಹೇಳಾಂವ, ವ್ಯಾನ್ ಒಳಗ ಮನಿ ಮಾಡಿಸಾಕ ಹೋಗಿ ನಾನ ಹಿಂಗ ಮೋಸ ಹೋದೆ ಅಂತ ಯಾರ ಮುಂದ ಹೇಳ್ಕೊಳ್ಳಿ? ಆದ್ರ ಹೋದ ವಾರ ಜಮಖಂಡಿ ಕಡೆ ಹುಡುಗ ಒಬ್ಬಾಂವ ಫೋನ್ ಮಾಡಿದ. "ಸರ, ನಾವೂ ನಿಮ್ಮ ವ್ಯಾನ್ ಮಾಡಿಕೊಟ್ಟ ಅದ ವರ್ಕ್‌ಶಾಪಿಗೆ ಅಡ್ವಾನ್ಸ್ ಕೊಡಾಕ ಹೊಂಟೀವ್ರಿ. ನಿಮ್ಮ ಗಾಡಿ ಫೋಟೋ ತೋರಿಸ್ಯಾರ್ರಿ, ನೀವು ಭಾಳ ಖುಷಿ ಅದೀರಿ ಅಂದ್ರು" ಅಂದ. ನಾನು ಖುಷಿ! ನನ್ನ ಗಾಡಿ ತೋರಿಸಿ ಇನ್ನೊಬ್ಬರ ರೊಕ್ಕ ತಗೊಳ್ಳಾಕ ಹತ್ತ್ಯಾರ. ಅದಕ್ಕ ಇವತ್ತು ಬರ್ಯಾಕ ಕುಂತೀನಿ.

ಮನ್ಯಾಗ ನಾನು, ನನ್ನ ಹೆಂಡತಿ ಇಬ್ಬರ. ಮಗಳ ಮದಿವಿ ಆತು, ನಾನು ರಿಟೈರ್ ಆದೆ. ಅಮೆರಿಕಾದ ಮಂದಿ ಆರ್‌ವಿ ಅಂತ ದೊಡ್ಡ ಗಾಡಿದಾಗ ವರ್ಷಾನುಗಟ್ಟಲೆ ಇರೋ ವಿಡಿಯೋ ನೋಡಿ ನೋಡಿ ತಲಿಯಾಗ ಹುಳ ಹೊಕ್ಕಿತು. ಟ್ರಾವೆಲರ್ ಗಾಡಿ ಒಂದು ತಗೊಂಡು ಒಳಗ ಮನಿ ಮಾಡಿಸೋದು, ಬಾಗಲಕೋಟಿ ನವನಗರದಾಗಿನ ಮನಿ ಬಾಡಿಗಿ ಕೊಡೋದು, ಊರೂರು ತಿರುಗೋದು. ಆಲಮಟ್ಟಿ ಹಿನ್ನೀರಿಗೆ ಹಳೇ ಮನಿ ಬಿಟ್ಟು ನವನಗರಕ್ಕ ಬಂದ ಮಂದಿ ನಾವು. ಮನಿ ಬಿಡೋದು ಅಂದ್ರ ಏನು ಅಂತ ನಮ್ಮಪ್ಪನ್ನ ನೋಡಿ ನನಗ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಬೆಳಗಾವಿಯಾಗ ಒಂದು ವರ್ಕ್‌ಶಾಪ್ ಸಿಕ್ತು. ಕೇಸ್ ಹಾಕೀನಿ, ಅದಕ್ಕ ಹೆಸರು ಬರಿಯೂದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ 9 ಲಕ್ಷ, ಒಳಗಿನ ಕೆಲಸ 8 ಲಕ್ಷ 40 ಸಾವಿರ. ಅದರಾಗ ಬರೇ ಲಿಥಿಯಂ ಬ್ಯಾಟರಿ ಸಲುವಾಗಿ 1 ಲಕ್ಷ 30 ಸಾವಿರ, ಅದೂ ನಗದು. "ರಾತ್ರಿಯೆಲ್ಲಾ ಎಸಿ ಹಚ್ಚಿ ಮಲಗ್ರಿ ಸರ, ಚಾದರ ಹೊಚ್ಕೊಬೇಕು, ಹಂಗ ಇರ್ತೈತಿ" ಅಂತ ವರ್ಕ್‌ಶಾಪಿನಾಂವ ಅಂದಿದ್ದ. ಬಿಲ್ ಕೇಳಿದ್ರ "ಮುಂದ ಕೊಡ್ತೀನಲ್ರಿ, ನಾ ಎಲ್ಲಿ ಓಡಿ ಹೊಂಟೀನಿ" ಅಂದ. ಮಂಚದ ಕೆಳಗಿನ ಪೆಟ್ಟಿಗಿ ತೋರಿಸಿ, "ಇದನ್ನಷ್ಟು ತೆಗಿಬ್ಯಾಡ್ರಿ, ವಾರಂಟಿ ಹೋಗ್ತೈತಿ" ಅಂದ. ನಾನು ತೆಗಿಲಿಲ್ಲ. ಯಾಕ ತೆಗಿಲಿಲ್ಲ!

ಮೊದಲ ಎರಡು ತಿಂಗಳ ಸಂಬಂಧಿಕರ ಮನಿ ಮುಂದ ನಿಲ್ಲಿಸಿ ಅಲ್ಲಿಂದನ ಕರೆಂಟ್ ಎಳಕೊಳ್ತಿದ್ವಿ, ಹಿಂಗಾಗಿ ಏನೂ ಗೊತ್ತಾಗಲಿಲ್ಲ. ಏಪ್ರಿಲ್‌ದಾಗ ಬಾದಾಮಿಗೆ ಹೋದ್ವಿ. ಆ ಕೆಂಪು ಕಲ್ಲಿನ ಗುಡ್ಡ ಹಗಲೆಲ್ಲಾ ಕಾಯ್ತಾವ, ಕತ್ತಲಾದ ಮ್ಯಾಲ ಆ ಕಾವು ಹೊರಗ ಹಾಕ್ತಾವ. ತಗಡಿನ ಗಾಡಿ ಒಳಗ ರೊಟ್ಟಿ ಹಂಚಿನ ಮ್ಯಾಲ ಕುಂತಂಗ. 11 ಗಂಟೆಕ್ಕ ಎಸಿ ಹಚ್ಚಿ ಮಲಗಿದ್ವಿ. 11.40ಕ್ಕ ಇನ್ವರ್ಟರ್ ಕುಂಯ್ ಕುಂಯ್ ಅಂತ ಒದರಾಕ ಹತ್ತಿತು, ಎಸಿ ಬಂದ್. ನಲವತ್ತ ನಿಮಿಷ! ಕಿಡಕಿ ತೆಗೆದ್ರ ಸೊಳ್ಳಿ, ಬಾಗಲಾ ತೆಗೆದ್ರ ನಾಯಿ. ನನ್ನಾಕಿ ಒದ್ದಿ ಟಾವೆಲ್ ಹೊಚ್ಕೊಂಡು ಕುಂತ್ಲು. ಒಂದು ಮಾತೂ ಆಡಲಿಲ್ಲ.

ರಾತ್ರಿ ಒಂದಕ್ಕ ಸ್ಕ್ರೂಡ್ರೈವರ್ ತಗೊಂಡು ಆ ಪೆಟ್ಟಿಗಿ ತೆಗೆದೆ.

ಒಳಗ ಎರಡು ಹಳೇ ಟ್ಯೂಬುಲರ್ ಬ್ಯಾಟರಿ. ಮನ್ಯಾಗ ಇನ್ವರ್ಟರ್‌ಗೆ ಇಡ್ತೀವಲ್ಲ, ಡಿಸ್ಟಿಲ್ಡ್ ವಾಟರ್ ಹಾಕೋವು, ಅವ. ಮ್ಯಾಲ ಆರ್ ಆರ್ ಮುಚ್ಚಳ. ತಯಾರಾದ ತಾರೀಖು ಇರೋ ಜಾಗ ಕೆರದು ಹಾಕಿದ್ರು. ಲಿಥಿಯಂಗೆ ನೀರು ಹಾಕೋದ ಇಲ್ಲ, ಮುಚ್ಚಳಾನೂ ಇರೂದಿಲ್ಲ, ಅಷ್ಟು ನನಗ ಗೊತ್ತು. ಟಾರ್ಚ್ ಹಿಡಕೊಂಡು ಎಷ್ಟೊತ್ತು ಅದನ್ನ ನೋಡ್ಕೋತ ಕುಂತಿದ್ನೋ. ಈ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡ್ತಾವ, ಆ್ಯಸಿಡ್ ಆವಿ ಬರ್ತೈತಿ, ಅದಕ್ಕ ಮನ್ಯಾಗ ಗಾಳಿ ಆಡೋ ಕಡೆ ಇಡ್ತೀವಿ. ಇಲ್ಲಿ ನನ್ನ ಹೆಂಡತಿ ತಲಿ ಇಡೋ ಜಾಗದ ಕೆಳಗ ಇಟ್ಟಿದ್ರು. "ಮುಂಜಾನೆದ್ದ ಕೂಡ್ಲೆ ಗಂಟಲ ಉರೀತೈತಿ" ಅಂತ ಆಕಿ ಒಂದು ತಿಂಗಳಿಂದ ಹೇಳಾಕ ಹತ್ತಿದ್ಲು. ನಾನು "ಹೊಸಾ ಪ್ಲೈವುಡ್ ವಾಸನಿ, ಹೋಗ್ತೈತಿ" ಅಂದಿದ್ದೆ. ಅದನ್ನ ನೆನಸಿದ್ರ ಈಗಲೂ ಕೈ ನಡಗ್ತಾವ.

ಮರುದಿನ ಫೋನ್ ಮಾಡಿದೆ. ಅವನ ಉತ್ತರ ಹಂಗ ಬರೀತೀನಿ, ಒಂದು ಅಕ್ಷರ ಕೂಡಿಸಿಲ್ಲ.

"ಲಿಥಿಯಂ ಎಲ್ರಿ?" ಅಂದೆ. "ಅದು ಲಿಥಿಯಂ ಟೈಪ್ ರೀ ಸರ."

"ಟೈಪ್ ಅಂದ್ರೇನು?" "ಪರ್ಫಾರ್ಮೆನ್ಸ್ ಹಂಗ ಇರ್ತೈತಿ ಅಂತ."

"ನಲವತ್ತ ನಿಮಿಷ ನಡೀತು." "ನೀವು ಎಸಿ ಭಾಳ ಥಂಡ ಇಟ್ಟಿರ್ತೀರಿ. ಪೆಟ್ಟಿಗಿ ತೆಗೆದ್ರ್ಯಾ? ಹಂಗಾದ್ರ ವಾರಂಟಿ ಹೋತ್ರಿ ಸರ."

ಕಡೀಕ ಹೇಳಿದ, "ಕೊಟೇಶನ್‌ದಾಗ ಲಿಥಿಯಂ ಅಂತ ಎಲ್ಲಿ ಐತಿ ತೋರಿಸ್ರಿ." ತೆಗೆದು ನೋಡಿದೆ. 'ಬ್ಯಾಟರಿ ಬ್ಯಾಂಕ್ 300 ಎಎಚ್' ಅಂತಷ್ಟ ಐತಿ. ಎಎಚ್ ಅಂದ್ರ ಬ್ಯಾಟರಿ ಎಷ್ಟು ಕರೆಂಟ್ ಹಿಡಕೊಳ್ತೈತಿ ಅನ್ನೋ ಅಳತಿ. ಲಿಥಿಯಂ ಅನ್ನೋ ಶಬ್ದ ಬರೇ ಬಾಯಿಮಾತಿನಾಗ ಇತ್ತು. ಆಮ್ಯಾಲ ಎಷ್ಟ ಸಲ ಮಾಡಿದ್ರೂ ಫೋನ್ ಎತ್ತಲಿಲ್ಲ. ವಾಟ್ಸಾಪ್‌ದಾಗ ಒಂದು ಮೆಸೇಜ್ ಬಂತು, "ಉಳದ ಕಸ್ಟಮರ್ ಎಲ್ಲಾರೂ ಆರಾಮ ಅದಾರ ಸರ, ನಿಮಗಷ್ಟ ಯಾಕ ತ್ರಾಸ?"

ಲೆಕ್ಕ ನಾನು ಮೊದಲ ಮಾಡಬೇಕಿತ್ತು. 12 ವೋಲ್ಟ್ 300 ಎಎಚ್ ಅಂದ್ರ ಕಾಗದದ ಮ್ಯಾಲ 3600 ವ್ಯಾಟ್‌ ಅವರ್. ಟ್ಯೂಬುಲರ್ ಆದ್ರ ಅರ್ಧಕ್ಕಿಂತ ಕೆಳಗ ಇಳಿಸಬಾರದು, ಉಳೀತು 1800. ಒಂದು ಟನ್ ಎಸಿ ಓಡುವಾಗ ಹತ್ತತ್ರ 1000 ವ್ಯಾಟ್ ಎಳೀತೈತಿ. ಹೊಸಾ ಬ್ಯಾಟರಿ ಇದ್ರೂ ಎರಡು ತಾಸು ಸೈತ ಬರೂದಿಲ್ಲ, ಬೆಳತನಕ ಹೆಂಗ ಬರ್ತೈತಿ? ಮ್ಯಾಲಿನ ಎರಡು ಸೋಲಾರ್ ಪ್ಲೇಟಿಗೆ ಅದು ಆಗೋ ಕೆಲಸ ಅಲ್ಲ.

ಬ್ಯಾಟರಿ ಒಂದ ಆಗಿದ್ರ ನುಂಗ್ಕೊಳ್ತಿದ್ದೆ. ಆರ್‌ಸಿಯಾಗ ಇನ್ನೂ ಪ್ಯಾಸೆಂಜರ್ ಗಾಡಿ ಅಂತನ ಐತಿ. "ಆರ್‌ಟಿಓ ನಮ್ಮ ಮಂದಿ ನೋಡ್ಕೊತಾರ" ಅಂದಿದ್ದ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಗಾಡಿ ಹಿಂಗ ಬದಲಿ ಮಾಡಬೇಕಾದ್ರ ಮೊದಲ ಪರವಾನಗಿ ಬೇಕು. ಮೋಟಾರ್ ಕ್ಯಾರವಾನ್‌ಗೆ, ಅಂದ್ರ ಒಳಗ ಇರಾಕ ಮಾಡಿದ ಗಾಡಿಗೆ, ಅಂತ ಎಐಎಸ್ 124 ಅನ್ನೋ ಮಾನದಂಡನ ಬ್ಯಾರೆ ಐತಿ. ಇವ್ರು ಯಾವುದೂ ಮಾಡಿಲ್ಲ. ನಾಳೆ ಅಪಘಾತ ಆದ್ರ ವಿಮಾದವ್ರು ಕೈ ಎತ್ತಿದ್ರ ನಾನು ಏನು ಮಾಡ್ಲಿ? ಮುಧೋಳ ಹತ್ರ ಕಬ್ಬಿನ ಗಾಡಿ ತೂಗೋ ಕಾಟಾದ ಮ್ಯಾಲ ನಿಲ್ಲಿಸಿ ನೋಡಿದೆ, ಆರ್‌ಸಿಯಾಗ ಬರದ ತೂಕಕ್ಕಿಂತ 410 ಕಿಲೋ ಹೆಚ್ಚು. ಅದಕ್ಕ ಬ್ರೇಕ್ ಹಂಗ ಕಾಯ್ತಿದ್ವು.

ಜುಲೈದಾಗ ಖಾನಾಪುರ ಕಡೆ ಮಳಿಯಾಗ ಸಿಕ್ಕಿದ್ವಿ. ಸೋಲಾರ್ ಪ್ಲೇಟ್ ಕುಂದರ್ಸಾಕ ಚಾವಣಿಗೆ ಹಾಕಿದ ತೂತಿನಿಂದ ನೀರು ಸೋರಿ ಗಾದಿ ಎಲ್ಲಾ ತೊಯ್ದು ಹೋತು, ನೀರಿಗೆ ಕೆಡದ ಮರೈನ್ ಪ್ಲೈ ಅಂದಿದ್ದು ಹಪ್ಪಳದಂಗ ಉಬ್ಬಿತು. ಅದಕ್ಕೂ ಅವನ ಉತ್ತರ ಬಂತು, "ಖಾನಾಪುರ ಮಳಿಗೆ ಆರ್‌ಸಿಸಿ ಮನೀನ ಸೋರ್ತಾವ್ರಿ."

ಇನ್ನ ದಿನಾ ಇರೋ ತ್ರಾಸು. 100 ಲೀಟರ್ ಟ್ಯಾಂಕ್ ಇಬ್ಬರಿಗೆ ಎರಡು ದಿನ ಬರೂದಿಲ್ಲ. ಪಾಯಿಖಾನಿ ಡಬ್ಬಿ ಮೂರನೇ ದಿನಕ್ಕ ತುಂಬ್ತೈತಿ, ಅದನ್ನ ಎಲ್ಲಿ ಸುರೀಬೇಕು? ಅಮೆರಿಕಾದಾಗ ಆರ್‌ವಿ ಪಾರ್ಕ್ ಅಂತ ಇರ್ತಾವ, ರೊಕ್ಕ ಕೊಟ್ರ ನೀರು, ಕರೆಂಟ್, ಹೊಲಸು ನೀರಿನ ಪೈಪ್ ಮೂರೂ ಗಾಡಿಗೆ ಜೋಡಸ್ತಾರ. ಆ ವಿಡಿಯೋದ ಮಂದಿ ಅದರ ಮ್ಯಾಲ ನಿಂತಾರ. ನಾನು ವಿಜಯಪುರ ರಸ್ತಾದಾಗ ಪೆಟ್ರೋಲ್ ಪಂಪಿನ ಹುಡುಗನ ಮುಂದ ಡಬ್ಬಿ ಹಿಡಕೊಂಡು "ತಮ್ಮಾ, ಒಂದಿಷ್ಟು ಸುರೀಲ್ಯಾ?" ಅಂತ ಬೇಡ್ಕೊಂಡು ನಿಂತಿದ್ದೆ. ರಾತ್ರಿ ಆದ್ರ ಎಲ್ಲಿ ನಿಲ್ಲಿಸೂದು ಅನ್ನೋ ಚಿಂತಿ. ಗುಡಿ ಮುಂದ ನಿಲ್ಲಿಸಿದ್ರ ಎಬ್ಬಸ್ತಾರ, ಡಾಬಾದಾಗ ಲಾರಿ ಸದ್ದು. ಒಂದು ರಾತ್ರಿ ಪೊಲೀಸರು ಕಿಡಕಿ ಬಡದು "ಒಳಗ ಯಾರದೀರಿ?" ಅಂದಾಗ ನನ್ನಾಕಿ ಹೆದರಿ ಅತ್ತ ಬಿಟ್ಲು. ಆವತ್ತ ನಿರ್ಧಾರ ಮಾಡಿದೆ, ಸಾಕು.

ಮಾಡಿಸಾವ್ರು ಇದ್ರ ಇಷ್ಟು ಮಾಡ್ರಿ. ಬ್ಯಾಟರಿ ಕಂಪನಿ, ಸೀರಿಯಲ್ ನಂಬರ್, ಪ್ಲೈ ಗ್ರೇಡ್ ಎಲ್ಲಾ ಬರಹದಾಗ ತಗೊಳ್ರಿ. ನಗದು ಕೊಡಬ್ಯಾಡ್ರಿ. ಆರ್‌ಟಿಓ ಪರವಾನಗಿ ಕೈಗೆ ಬರೂತನಕ ಗಾಡಿಗೆ ಒಂದು ಸ್ಕ್ರೂನೂ ಹಾಕಿಸಬ್ಯಾಡ್ರಿ. ಮೇ ತಿಂಗಳದಾಗ ಬಾಡಿಗಿ ಗಾಡಿ ತಗೊಂಡು ಹತ್ತು ದಿನ ಇದ್ದು ನೋಡ್ರಿ. ಮನಿ ಮಾತ್ರ ಬಾಡಿಗಿ ಕೊಡಬ್ಯಾಡ್ರಿ. ನನ್ನ ಮನಿ 11 ತಿಂಗಳ ಕರಾರಿನ ಮ್ಯಾಲ ಕೊಟ್ಟೀನಿ, ನಡುವ ಬಿಡ್ರಿ ಅನ್ನಾಕ ಬರೂದಿಲ್ಲ, ಬಾಡಿಗಿಯವ್ರದೇನು ತಪ್ಪು? ಈಗ ಹೆಂಡತಿ ತಮ್ಮನ ಮನಿ ಮ್ಯಾಲಿನ ಖೋಲ್ಯಾಗ ಅದೀವಿ. ನಮ್ಮ ನವನಗರದಾಗ, ನಮ್ಮ ಮನಿ ದೀಪ ಕಾಣೋವಷ್ಟು ದೂರದಾಗ.

ಬಾಗಲಕೋಟಿಯಾಗನ ಗ್ರಾಹಕರ ಆಯೋಗಕ್ಕ ದೂರು ಕೊಟ್ಟೀನಿ. 2019ರ ಕಾಯ್ದೆ ಪ್ರಕಾರ ನಾವು ಇರೋ ಜಿಲ್ಲಾದಾಗನ ಕೊಡಬಹುದು, ಬೆಳಗಾವಿಗೆ ಅಡ್ಡಾಡೋದು ಬ್ಯಾಡ. ನನ್ನಂಗ ಆದಾವ್ರು ಇದ್ರ ಎರಡು ವರ್ಷದೊಳಗ ಕೊಡ್ರಿ. ಗಾಡಿ ಮಾರಾಕ ಇಟ್ಟೀನಿ. ನೋಡಾಕ ಮೂರು ಮಂದಿ ಬಂದು ಹೋದ್ರು. ಮೂವರಿಗೂ ಮೊದಲ ಆ ಪೆಟ್ಟಿಗಿ ತೆಗೆದು ತೋರಿಸಿದೆ. ಮೂವರೂ ವಾಪಸ್ ಹೋದ್ರು.