ಶಿವಮೊಗ್ಗದ ಆಟೊ ಕಾಂಪ್ಲೆಕ್ಸ್‌ನಲ್ಲಿ ಲಾರಿ ಸ್ಪೇರ್: ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಬೇಡವೇ ಬೇಡ

ನನ್ನದು ಹಳೇ ಟಾಟಾ 407, ಸಣ್ಣ ಲಾರಿ. ಅಡಿಕೆ ಸೀಸನ್‌ನಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಮೂಟೆ ತುಂಬಿಕೊಂಡು ಮಂಡಿಗೆ ಬರುತ್ತೇನೆ, ಉಳಿದ ದಿನ ಸಿಕ್ಕಿದ ಲೋಡು. ಕುಂದಾಪುರಕ್ಕೆ ಬಾಡಿಗೆ ಬಂತು ಅಂದ್ರೆ ಹುಲಿಕಲ್ ಘಾಟಿ ಇಳಿಯಲೇಬೇಕು. ನಮ್ಮ ಕಡೆ ಮಳೆ, ಕೆಸರು, ತಿರುವು ಎಲ್ಲಾ ಸೇರಿ ಬ್ರೇಕು, ಬೇರಿಂಗು, ಕಮಾನ್ ಪ್ಲೇಟುಗಳನ್ನು (ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು) ಬಯಲುಸೀಮೆಗಿಂತ ಬೇಗ ತಿನ್ನುತ್ತವೆ. ಮೊದಲು ಎಲ್ಲದಕ್ಕೂ ಒಂದು ವರ್ಕ್‌ಶಾಪಿಗೇ ಬಿಡುತ್ತಿದ್ದೆ. ಬಿಲ್ಲಿನಲ್ಲಿ ಲೇಬರ್ ಅನ್ನೋ ಸಾಲು ಸಾಮಾನಿನ ಬೆಲೆಗೇ ಸಮ ಆಗತೊಡಗಿತು, ಅದೂ ಗ್ರೀಸ್ ಹೊಡೆದಿದ್ದಕ್ಕೆ, ಫಿಲ್ಟರ್ ಬದಲಿಸಿದ್ದಕ್ಕೆ. ಆಮೇಲಿಂದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್‌ಗೆ ಹೋಗಿ ಸಾಮಾನು ನಾನೇ ತರುತ್ತೇನೆ, ಸಣ್ಣ ಕೆಲಸ ಮನೆ ಅಂಗಳದಲ್ಲೇ ಮುಗಿಸುತ್ತೇನೆ.

ಈ ಜಾಗದ ದೊಡ್ಡ ಅನುಕೂಲ ಅಂದ್ರೆ ಸ್ಪೇರ್ ಅಂಗಡಿ, ಲೇತ್, ಗ್ಯಾರೇಜು ಎಲ್ಲಾ ಅಕ್ಕಪಕ್ಕ. ಬ್ರೇಕ್ ಡ್ರಮ್ಮು ಲೇತಿಗೆ ಕೊಟ್ಟು, ಅದು ಆಗೋದರೊಳಗೆ ಲೈನರ್ (ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿ) ನೋಡಿಕೊಂಡು ಬರಬಹುದು. ಆದರೆ ಬಾಯಲ್ಲಿ ಗಾಡಿ ಹೆಸರು ಹೇಳಿ ಸಾಮಾನು ಕೇಳಬೇಡಿ, ಹಳೇದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. 407 ಬಂದಿದ್ದು 1986ರಲ್ಲಿ. ಇಷ್ಟು ವರ್ಷದಲ್ಲಿ ಅದರೊಳಗೆ ಏನೇನೋ ಬದಲಾಗಿದೆ, ಹೆಸರು ಒಂದೇ. ನಾನು ಹೋಗುವ ಅಂಗಡಿಯ ಹಿರಿಯರು ಹಳೇ ಬೇರಿಂಗನ್ನು ಬನಿಯನ್ ಬಟ್ಟೆಯಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಅಂಚಿನಲ್ಲಿ ಕೆತ್ತಿದ ನಂಬರ್ ಓದುತ್ತಾರೆ. "ಗಾಡಿ ಯಾವ್ದಾದ್ರೂ ಇರ್ಲಿ ತಮ್ಮಾ, ನಂಬರ್ ಹೇಳು" ಅನ್ನೋದು ಅವರ ಮಾತು. ಅವರೇ ಹೇಳಿಕೊಟ್ಟಿದ್ದು: ಮಿಲಿಮೀಟರ್ ಲೆಕ್ಕದ ಮಾಮೂಲಿ ಬೇರಿಂಗ್‌ಗಳಲ್ಲಿ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ ಸಿಗುತ್ತದೆ. 32210 ಅಂತಿದ್ದರೆ 50 ಮಿಲಿಮೀಟರ್. 04ರಿಂದ ಮೇಲಿನ ಅಂಕಿಗೆ ಇದು ಸರಿಹೋಗುತ್ತದೆ, ಇಂಚಿನ ಬೇರಿಂಗ್‌ಗೆ ನಡೆಯಲ್ಲ. ನಂಬರ್ ಪೂರ್ತಿ ಒಂದೇ ಇದ್ದರೆ ಬೇರಿಂಗ್ ಕಂಪನಿ ಎನ್‌ಬಿಸಿ ಆಗಲಿ ಎಸ್‌ಕೆಎಫ್ ಆಗಲಿ, ಧೈರ್ಯವಾಗಿ ಹಾಕಿ. ಗಾಡಿ ಕಂಪನಿಯ ಬಾಕ್ಸೇ ಬೇಕು ಅಂತೇನಿಲ್ಲ.

ಉಳಿತಾಯದ ಗುಟ್ಟು ಇಲ್ಲೇ ಇರೋದು. ಒಂದೇ ಸಾಮಾನು ಮೂರು ಥರ ಸಿಗುತ್ತದೆ. ಗಾಡಿ ಕಂಪನಿಯ ಹೆಸರಿನ ಬಾಕ್ಸಿನಲ್ಲಿ, ಅದನ್ನು ತಯಾರಿಸುವ ಕಂಪನಿಯದೇ ಬಾಕ್ಸಿನಲ್ಲಿ, ಆಮೇಲೆ ಲೋಕಲ್. ಲೈನರ್, ಬೇರಿಂಗ್, ಫಿಲ್ಟರ್‌ಗಳಲ್ಲಿ ಹೆಚ್ಚಿನವನ್ನು ಗಾಡಿ ಕಂಪನಿ ತಾನೇ ಮಾಡೋದಿಲ್ಲ, ಬೇರೆಯವರಿಂದ ಕೊಳ್ಳುತ್ತದೆ. ಹಾಗಾಗಿ ಎರಡನೇ ಬಾಕ್ಸಿನಲ್ಲಿ ಒಳ್ಳೇ ಮಾಲು ಕಡಿಮೆ ಬೆಲೆಗೆ ಸಿಗುತ್ತದೆ. ಲೈನರ್‌ಗೆ ರಾಣೆ, ಡೀಸೆಲ್ ಫಿಲ್ಟರ್‌ಗೆ ಬಾಷ್, ಇವೆರಡೂ ನನ್ನ ಗಾಡಿಗೆ ಚೆನ್ನಾಗಿ ಹೊಂದಿಕೊಂಡಿವೆ. ಕನ್ನಡಿ, ಮಡ್‌ಫ್ಲಾಪ್, ಇಂಡಿಕೇಟರ್ ಗ್ಲಾಸು, ಬಾಡಿ ಬೋಲ್ಟು ಇಂಥವಕ್ಕೆ ಲೋಕಲ್ ಧಾರಾಳವಾಗಿ ಸಾಕು. ಬ್ರೇಕು, ಸ್ಟೀರಿಂಗ್, ಹಬ್ಬು (ಚಕ್ರದ ನಡುವಿನ ಭಾಗ), ಈ ಮೂರಕ್ಕೆ ಮಾತ್ರ ಲೋಕಲ್ ಬಾಕ್ಸ್ ಯಾರು ಎಷ್ಟೇ ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಇಲ್ಲಿ ಉಳಿಸಿದ ನೂರಿನ್ನೂರು ರೂಪಾಯಿ ಘಾಟಿಯಲ್ಲಿ ಕೈಗೆ ಬರೋದಿಲ್ಲ.

ಬ್ರೇಕ್ ಆಯಿಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಕಡೆ ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಈ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಡಾಟ್ ಅನ್ನೋದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಲೋಡ್ ಗಾಡಿ ಉದ್ದಕ್ಕೂ ಬ್ರೇಕ್ ತುಳಿದುಕೊಂಡೇ ಘಾಟಿ ಇಳಿದರೆ ಆ ಬಿಸಿಗೆ ಹಳೇ ಆಯಿಲ್ ಕುದಿದು, ಪೈಪಿನೊಳಗೆ ಆವಿ ಕಟ್ಟಿ, ಪೆಡಲ್ ಸುಮ್ನೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲಲ್ಲ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಕೊರತೆ ಅಲ್ವಾ? ಅದಕ್ಕೇ ಸೀಲ್ ಇರೋ ಸಣ್ಣ ಡಬ್ಬಿಯನ್ನೇ ಕೊಳ್ಳಿ. ಅರ್ಧ ಉಳಿದಿದ್ದನ್ನು ವರ್ಷಗಟ್ಟಲೆ ಇಟ್ಟು ಹಾಕಬೇಡಿ. ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿರುತ್ತದೆ, ಅದನ್ನು ನೋಡಿಯೇ ತನ್ನಿ.

ಬ್ರೇಕ್ ಪೈಪಿನೊಳಗೆ ಸೇರಿದ ಏರ್ ತೆಗೆಯೋದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ನಿಪ್ಪಲ್ ಸಡಿಲಿಸಿ, ಗುಳ್ಳೆ ಬಂದ ಮೇಲೆ ಬಿಗಿ ಮಾಡಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ಗೆ ದೂರ ಇರುವ ಚಕ್ರದಿಂದ ಶುರು. ನಡುವೆ ಮಾಸ್ಟರ್ ಸಿಲಿಂಡರ್‌ನ ಆಯಿಲ್ ಡಬ್ಬಿ ಖಾಲಿಯಾಗಲು ಬಿಟ್ಟರೆ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ. ವೀಲ್ ಸಿಲಿಂಡರ್ (ಚಕ್ರದಲ್ಲಿ ಲೈನರನ್ನು ಡ್ರಮ್ಮಿಗೆ ಒತ್ತುವ ಭಾಗ) ಕಿಟ್ ಹಾಕುವಾಗ ರಬ್ಬರನ್ನು ಡೀಸೆಲ್‌ನಲ್ಲೋ ಪೆಟ್ರೋಲ್‌ನಲ್ಲೋ ತೊಳೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಬ್ರೇಕ್ ಆಯಿಲ್‌ನಲ್ಲೇ ತೊಳೆಯಿರಿ. ಡ್ರಮ್ಮಿನ ಧೂಳನ್ನು ಬಾಯಲ್ಲಿ ಊದುವುದಾಗಲಿ, ಏರ್ ಹೊಡೆಯುವುದಾಗಲಿ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೇ ಲೈನರ್ ಕಲ್ನಾರಿನದಿದ್ದರೆ (ಆಸ್ಬೆಸ್ಟಾಸ್) ಆ ಧೂಳು ಶ್ವಾಸಕೋಶಕ್ಕೆ ವಿಷ. ಹೊಸದು ತರುವಾಗ ನಾನ್ ಆಸ್ಬೆಸ್ಟಾಸ್ ಅಂತ ಬರೆದಿದ್ದನ್ನೇ ಕೇಳಿ. ಲೈನರ್ ಕೂರಿಸಲು ರಿವಿಟ್ ಹೊಡೆಯೋದನ್ನು ನಾನು ಕಾಂಪ್ಲೆಕ್ಸ್‌ನಲ್ಲೇ ಮಾಡಿಸುತ್ತೇನೆ, ಅದು ಕೈ ಪಳಗಿದವರ ಕೆಲಸ. ಬ್ರೇಕ್ ಬಿಚ್ಚಿ ಹಾಕಿದ ಮೇಲೆ ಲೋಡ್ ತುಂಬುವ ಮೊದಲು ಒಬ್ಬ ಮೇಸ್ತ್ರಿಗೆ ತೋರಿಸುತ್ತೇನೆ. ಅದಕ್ಕೆ ಕೊಡುವ ದುಡ್ಡು ನನಗೆ ಭಾರ ಅನ್ನಿಸಿಲ್ಲ.

ಇನ್ನುಳಿದಂತೆ ಗ್ರೀಸ್, ಆಯಿಲ್, ಫಿಲ್ಟರ್, ಬ್ಯಾಟರಿ ಟರ್ಮಿನಲ್, ಬಲ್ಬು ಎಲ್ಲಾ ಮನೆಯಲ್ಲೇ. ಒಳ್ಳೇ ಗ್ರೀಸ್ ಗನ್ ಒಂದು ತಗೊಳ್ಳಿ, ಇಡೀ ಟೂಲ್ ಬಾಕ್ಸಿನಲ್ಲಿ ಅದರಷ್ಟು ದುಡ್ಡು ಉಳಿಸುವ ವಸ್ತು ಬೇರೆ ಇಲ್ಲ. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರ್ ಕೆಳಗಿನ ನೀರನ್ನು ಆಗಾಗ ಬಿಡುತ್ತಿರಿ. ಗಾಡಿ ಕೆಳಗೆ ಹೋಗುವಾಗ ಸಮತಟ್ಟು ನೆಲ, ಚಕ್ರಕ್ಕೆ ಕಲ್ಲು, ಚಾಸಿಗೆ ಗಟ್ಟಿ ಮರದ ದಿಮ್ಮಿ. ಬರೀ ಜಾಕ್ ನಂಬಿ ಯಾರೂ ಮಲಗಬೇಡಿ. ಡೀಸೆಲ್ ಪಂಪು, ಸ್ಟೀರಿಂಗ್ ಬಾಕ್ಸು, ದೊಡ್ಡ ಲಾರಿಯ ಸ್ಪ್ರಿಂಗ್ ಬ್ರೇಕ್ ಚೇಂಬರ್ ಮನೆಯಲ್ಲಿ ಬಿಚ್ಚುವ ಸಾಮಾನಲ್ಲ. ಚೇಂಬರಿನ ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಅಪಾಯ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ನಿಯಮದ ಹೊಸ ದರ್ಜೆ) ಗಾಡಿ ಇದ್ದವರು ಎಂಜಿನ್ ಆಯಿಲ್ ಗ್ರೇಡನ್ನು ಕೈಪಿಡಿ ನೋಡಿಯೇ ಹಾಕಿ.

ಕಾಂಪ್ಲೆಕ್ಸ್ ಬಗ್ಗೆ ನನ್ನ ದೂರು ಎರಡೇ. ಬಿಲ್ ಕೇಳಿದರೆ ಕೆಲವು ಕಡೆ ಮುಖ ಗಂಟು ಹಾಕುತ್ತಾರೆ, ಎಲೆಕ್ಟ್ರಿಕಲ್ ಸಾಮಾನು ವಾಪಸ್ ತಗೊಳ್ಳಲ್ಲ. ಆದರೂ ಬಿಲ್ ಬಿಡಬೇಡಿ. ಡೂಪ್ಲಿಕೇಟ್ ಬಂದರೆ ಕೇಳೋದಕ್ಕೆ ಅದೊಂದೇ ಆಧಾರ. 2025ರ ಸೆಪ್ಟೆಂಬರ್ 22ರಿಂದ ಆಟೊ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ 18 ಆಗಿದೆ, ಮೊದಲು ಬಹಳಷ್ಟಕ್ಕೆ 28 ಇತ್ತು. ಹಳೇ ಸ್ಟಾಕಿನ ಬಾಕ್ಸ್ ತೋರಿಸಿ ಹಳೇ ರೇಟ್ ಹೇಳಿದರೆ ಅಲ್ಲೇ ಕೇಳಿ. ಒಟ್ಟಾರೆ ಕಾಂಪ್ಲೆಕ್ಸ್‌ಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ. ಬೆಳಿಗ್ಗೆ ಬೇಗ ಹೋಗಿ, ಗಿರಾಕಿ ಕಡಿಮೆ ಇದ್ದಾಗ ಅಂಗಡಿಯವರು ಅಳತೆ ಹಿಡಿದು ಸಮಾಧಾನವಾಗಿ ತೋರಿಸುತ್ತಾರೆ.