ಫಾಗ್ ಲೈಟಿಗೆ ಯಾವ ರಿಲೇ ಒಳ್ಳೆಯದು: ನಾಲ್ಕು ಪಿನ್ನೋ, ಐದು ಪಿನ್ನೋ, ರೆಡಿ ಕಿಟ್ಟೋ?

ಬೊಲೆರೊಗೆ 55 ವ್ಯಾಟಿನ ಎರಡು ಹ್ಯಾಲೊಜೆನ್ ಫಾಗ್ ಲೈಟ್ ಹಾಕಿಸಬೇಕು ಅಂತ ಕಲಬುರಗಿಯಲ್ಲಿ ಕೇಳಿ ನೋಡಿ, ಅಂಗಡಿಗೊಂದು ಮಾತು. ‘ರಿಲೇ ಯಾಕ್ರೀ ಸರ, ಸ್ವಿಚ್ಚಿಂದ ಸೀದಾ ಕೊಟ್ರ ಆತು’ ಅನ್ನುವವರೂ ಇದ್ದಾರೆ. ರಿಲೇ ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಡಬ್ಬಿ. ಒಂದೇ ಗಾಡಿಗೆ ಒಂದೊಂದನ್ನೇ ಹಾಕಿ ಓಡಿಸಿದ ಮೇಲೆ ಬರೆಯುತ್ತಿದ್ದೇನೆ.

ಸೀದಾ ಕೊಡುವುದು ಅಗ್ಗ, ಅಷ್ಟೇ. ಎರಡೂ ದೀಪ ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿಗೆ ಬಂದು, ಸ್ವಿಚ್ ದಾಟಿ, ಮತ್ತೆ ಬಂಪರಿಗೆ ಹೋಗಬೇಕು. ದೀಪದ ಪಿನ್ನಿಗೆ ಮೀಟರ್ ಹಿಡಿದರೆ ಬ್ಯಾಟರಿಗಿಂತ ಒಂದು ವೋಲ್ಟಿಗೂ ಜಾಸ್ತಿ ಇಳಿದಿರುತ್ತದೆ. ಬೆಳಕು ಮಂಕು ಹಳದಿ, ಸ್ವಿಚ್ ಮುಟ್ಟಿದರೆ ಬಿಸಿ.

ರೆಡಿ ಕಿಟ್‌ನಲ್ಲಿ ರಿಲೇ, ಫ್ಯೂಸು, ಸ್ವಿಚ್ಚು ಎಲ್ಲಾ ಬರುತ್ತದೆ. ಜೋಡಿಸಲು ಅರ್ಧ ತಾಸೂ ಬೇಡ. ಆದರೆ ನಾನು ತಂದ ಕಿಟ್‌ನ ವೈರು ಹೊರಗೆ ದಪ್ಪ, ಒಳಗೆ ಬಡವ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ತಾಮ್ರದ ಬಣ್ಣ ಹೋಗಿ ಬೆಳ್ಳಗಿನ ಅಲ್ಯೂಮಿನಿಯಂ ಕಂಡಿತು. ಡಬ್ಬಿಯ ಮೇಲೆ 40 ಆಂಪಿಯರ್ ಅಂತ ಬರೆದದ್ದು ರಿಲೇಗೆ, ವೈರಿಗಲ್ಲ.

ಐದು ಪಿನ್ನಿನ ರಿಲೇಯಲ್ಲಿ 30 (ಬ್ಯಾಟರಿಯಿಂದ ಬರುವುದು), 85 ಮತ್ತು 86 (ರಿಲೇಯನ್ನು ಆನ್ ಮಾಡುವ ಕಾಯಿಲಿನ ಎರಡು ತುದಿ), 87ರ (ದೀಪಕ್ಕೆ ಹೋಗುವುದು) ಜೊತೆ 87ಎ ಅಂತ ಇನ್ನೊಂದು ಪಿನ್ನು. ರಿಲೇ ಆಫ್ ಇದ್ದಾಗ 30ಕ್ಕೆ ಬಂದ ಕರೆಂಟು ಅಲ್ಲಿರುತ್ತದೆ. ಆ ಪಿನ್ನಿಗೆ ವೈರು ಸಿಕ್ಕಿಸಿ ತುದಿ ಬಿಚ್ಚಿಟ್ಟರೆ, ಗಾಡಿಯ ಲೋಹದ ಬಾಡಿಗೆ ತಾಗಿದ ಕೂಡಲೇ ಫ್ಯೂಸು ಹೋಗುತ್ತದೆ. ಒಂದು ಆಫ್ ಆದಾಗ ಇನ್ನೊಂದು ಆನ್ ಆಗಬೇಕಾದ ಕಡೆಗೆ ಮಾತ್ರ ಇದು ಸರಿ. ಇನ್ನೊಂದು ಫಜೀತಿ: ಕೆಲವು ಐದು ಪಿನ್ನಿನ ರಿಲೇಗಳಲ್ಲಿ 87ಎ ಇರುವುದೇ ಇಲ್ಲ, 87 ಎರಡಿರುತ್ತವೆ. ಡಬ್ಬದ ಮೇಲಿನ ಚಿತ್ರ ನೋಡಿಯೇ ಕೊಳ್ಳಿ.

ನನ್ನ ಗಾಡಿಯಲ್ಲಿ ಉಳಿದದ್ದು ನಾಲ್ಕು ಪಿನ್ನಿನ ಸೀಲ್ಡ್ ರಿಲೇ. ಸೇಡಂ ರಸ್ತೆಯ ಧೂಳು, ಮಳೆಗಾಲದ ಕೆಸರು ಎರಡಕ್ಕೂ ಸೀಲ್ ಇಲ್ಲದ್ದು ತಡೆಯುವುದಿಲ್ಲ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸು, ಅಲ್ಲಿಂದ 2.5 ಚದರ ಮಿಮೀ ತಾಮ್ರದ ವೈರು 30ಕ್ಕೆ, 87ರಿಂದ ದೀಪಕ್ಕೆ. 85 ಗಾಡಿಯ ಬಾಡಿಗೆ, ಪೇಂಟು ಕೆರೆದು ಬೋಲ್ಟ್ ಬಿಗಿದು. 86 ಸ್ವಿಚ್ಚಿಗೆ, ಕಾಯಿಲು ಎಳೆಯುವುದು ಸುಮಾರು 150 ಮಿಲಿ ಆಂಪಿಯರ್ ಆದ್ದರಿಂದ ಅಲ್ಲಿಗೆ ಸಣ್ಣ ವೈರೇ ಧಾರಾಳ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇ ಆದರೆ 85, 86 ಅದಲುಬದಲು ಮಾಡಬೇಡಿ. ಸ್ವಿಚ್ಚಿಗೆ ಪ್ಲಸ್ಸನ್ನು ಕೀ ಆನ್ ಆದಾಗ ಮಾತ್ರ ಕರೆಂಟು ಬರುವ ವೈರಿನಿಂದ ತೆಗೆಸಿ, ಇಲ್ಲವಾದರೆ ದೀಪ ಮರೆತು ಮಲಗಿದ ರಾತ್ರಿ ಬ್ಯಾಟರಿ ಕೂರುತ್ತದೆ.

ರಿಲೇ ಕೂರಿಸುವ ಸಾಕೆಟ್ಟಿನಲ್ಲಿ ಹಣ ಉಳಿಸಬೇಡಿ. ಪಿನ್ನಿಗೆ ವೈರು ಸುತ್ತಿ ಟೇಪು ಹಚ್ಚಿದರೆ ನಮ್ಮ ಮೇ ತಿಂಗಳ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ರಿಲೇಯನ್ನು ಸೈಲೆನ್ಸರ್ ಪೈಪಿನಿಂದ ದೂರ, ಪಿನ್ನು ಕೆಳಮುಖವಾಗಿ ಕೂರಿಸಿ; ನೀರು ನಿಲ್ಲುವುದಿಲ್ಲ.

ಹಾಕುವುದು 20 ವ್ಯಾಟಿನ ಎರಡು ಎಲ್‌ಇಡಿ ಆದರೆ ಲೆಕ್ಕವೇ ಬೇರೆ. ಎರಡೂ ಸೇರಿ ಎಳೆಯುವುದು ಮೂರೂವರೆ ಆಂಪಿಯರಿನೊಳಗೆ. ಒಳ್ಳೆಯ 10 ಆಂಪಿಯರ್ ಸ್ವಿಚ್ಚು, 5 ಆಂಪಿಯರ್ ಫ್ಯೂಸು ಇದ್ದರೆ ಆ ‘ಸೀದಾ ಕೊಡ್ರಿ’ ಅನ್ನುವ ಮಿಸ್ತ್ರಿಯ ಮಾತನ್ನೇ ಕೇಳಬಹುದು.