ಬಳ್ಳಾರಿ ಬಿಸಿಲಿಗೆ ಬಾಣಂತಿ ಸಾಮಾನು: ಯಾವುದನ್ನು ಕೊಳ್ಳಬೇಕು, ಯಾವುದು ಬೇಡ

ಅಂಗಡಿಯಲ್ಲಿ ಸಿಗುವ ಬಾಣಂತಿ ಮತ್ತು ಕೂಸಿನ ಸಾಮಾನಿನಲ್ಲಿ ಬಹುಪಾಲು ತಂಪು ಹವೆಯ, ಕರೆಂಟ್ ಹೋಗದ, ಸಿಹಿನೀರಿನ ಊರುಗಳಿಗೆಂದೇ ಮಾಡಿದ ಹಾಗಿರುತ್ತದೆ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್-ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬೋರ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತದೆ. ಕರೆಂಟ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ಕೆಳಗಿನ ವಿಮರ್ಶೆ ಈ ಮೂರನ್ನೂ ಲೆಕ್ಕಕ್ಕೆ ಹಿಡಿದು ಮಾಡಿದ್ದು.

ಮೊದಲು ಹೊಟ್ಟೆ ಬೆಲ್ಟ್, ಏಕೆಂದರೆ ಆಸ್ಪತ್ರೆಯಿಂದ ಮನೆಗೆ ಬರುವ ಮುಂಚೆಯೇ ಯಾರಾದರೊಬ್ಬರು ಒಂದನ್ನು ತಂದು ಕೈಗಿಟ್ಟಿರುತ್ತಾರೆ. ಬೆಲ್ಟ್ ಹೊಟ್ಟೆ ಕರಗಿಸುವುದಿಲ್ಲ. ಗರ್ಭಕೋಶ ತಾನಾಗಿಯೇ ಕುಗ್ಗಿ, ಸುಮಾರು 2 ವಾರಕ್ಕೆ ಸೊಂಟದ ಮೂಳೆಗಳ ಒಳಗೆ ಇಳಿದು, 6 ವಾರದ ಹೊತ್ತಿಗೆ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ, ಬೆಲ್ಟ್ ಕಟ್ಟಿದರೂ ಕಟ್ಟದಿದ್ದರೂ. ಬೆಲ್ಟಿನ ಕೆಲಸ ಬೇರೆ. ಸಿಸೇರಿಯನ್ ಆದವರಿಗೆ ಏಳುವಾಗ, ಕೆಮ್ಮುವಾಗ, ನಡೆದಾಡುವಾಗ ಹೊಲಿಗೆ ಜಗ್ಗುವುದನ್ನು ಅದು ಕಡಿಮೆ ಮಾಡುತ್ತದೆ. ಸಹಜ ಹೆರಿಗೆಯಾದವರಿಗೆ ಮೊದಲ ವಾರಗಳಲ್ಲಿ ಬೆನ್ನಿಗೆ ಒಂದಿಷ್ಟು ಆಸರೆ. ಅಷ್ಟನ್ನೇ ಬಯಸಿ ಕೊಂಡರೆ ದುಡ್ಡು ದಂಡವಲ್ಲ.

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. 20ರಿಂದ 25 ಸೆಂಟಿಮೀಟರ್ ಅಗಲದ, ವೆಲ್ಕ್ರೋ ಇರುವ ಒಂಟಿ ಪಟ್ಟಿ. ಹೊಟ್ಟೆ, ನಡು, ಸೊಂಟಕ್ಕೆ ಬೇರೆ ಬೇರೆ ಪಟ್ಟಿಗಳ ತ್ರೀ-ಇನ್-ಒನ್ ಸೆಟ್. ಎದೆಯ ಕೆಳಗಿನವರೆಗೆ ಏರುವ ಬಿಗಿ ಚಡ್ಡಿ. ನಮ್ಮ ಕಡೆಗೆ ಒಂಟಿ ಪಟ್ಟಿಯೇ ಸರಿ. ಬೆವರಿದಾಗ ಬಿಚ್ಚಿ, ಒರೆಸಿ, ಮತ್ತೆ ಕಟ್ಟಲು ಅರ್ಧ ನಿಮಿಷ ಸಾಕು. ತ್ರೀ-ಇನ್-ಒನ್ ಸೆಟ್ಟಿನಲ್ಲಿ ಪಟ್ಟಿಯ ಮೇಲೆ ಪಟ್ಟಿ ಬಂದು ಒಳಗೆ ಬೆವರು ನಿಲ್ಲುತ್ತದೆ. ಎರಡೇ ದಿನಕ್ಕೆ ಬೆವರುಸಾಲೆ, ಆಮೇಲೆ ಮಡಿಕೆಯಲ್ಲಿ ತುರಿಕೆಯ ಹುಣ್ಣು. ಅದರ ಪ್ಲಾಸ್ಟಿಕ್ ಕಡ್ಡಿಗಳು ಕೂತಾಗ ಪಕ್ಕೆಲುಬಿಗೂ ಸಿಸೇರಿಯನ್ ಗಾಯಕ್ಕೂ ಒತ್ತುತ್ತವೆ. ಬಿಗಿ ಚಡ್ಡಿಯದು ಇನ್ನೊಂದು ಫಜೀತಿ: ಪ್ರತಿ ಸಲ ಶೌಚಕ್ಕೆ ಹೋದಾಗ ಬಗ್ಗಿ ಎಳೆದು ಏರಿಸಬೇಕು, ಹೊಲಿಗೆ ಹಸಿ ಇರುವಾಗ ಅದೇ ಆಗದ ಕೆಲಸ. ಒಳಪದರ ಹತ್ತಿಯದೋ ಜಾಳಿಗೆಯದೋ ನೋಡಿ ಕೊಳ್ಳಿ. ರಬ್ಬರಿನ ವಾಸನೆ ಗಪ್ಪೆಂದು ಬಂದರೆ ಬಿಟ್ಟುಬಿಡಿ.

ಅಳತೆಯಲ್ಲಿ ತಪ್ಪುವವರೇ ಹೆಚ್ಚು. ಬಸಿರಿಗೆ ಮೊದಲಿನ ಸೀರೆಲಂಗದ ಅಳತೆ ಹೇಳಿ ತರಿಸಬೇಡಿ; ಹೆರಿಗೆಯಾದ ಮೇಲೆ ನಿಂತುಕೊಂಡು ಹೊಕ್ಕುಳಿನ ಮಟ್ಟದಲ್ಲಿ ಟೇಪು ಹಿಡಿದು ಅಳೆಯಿರಿ. ಎರಡು ಅಳತೆಗಳ ನಡುವೆ ಬಿದ್ದರೆ ದೊಡ್ಡದನ್ನೇ ಆರಿಸಿ, ಹೊಟ್ಟೆ ಇಳಿದಂತೆ ವೆಲ್ಕ್ರೋ ಒಳಗೆ ಸರಿಸಬಹುದು. ಕಟ್ಟುವುದು ಮಲಗಿಕೊಂಡೇ: ಮಂಡಿ ಮಡಚಿ, ಪಟ್ಟಿಯನ್ನು ಬೆನ್ನ ಕೆಳಗೆ ತೂರಿಸಿ, ಉಸಿರು ಬಿಟ್ಟಾಗ ಕೆಳಗಿನಿಂದ ಮೇಲಕ್ಕೆ ಅಂಟಿಸುತ್ತಾ ಬನ್ನಿ. ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು, ಮಾತಾಡುವಾಗ ಉಸಿರು ಕಟ್ಟಬಾರದು. ಮೇಲಿನಿಂದ ಬಿಗಿದರೆ ಒತ್ತಡವೆಲ್ಲ ಕೆಳಗೆ, ಅಂದರೆ ಬಸಿರು ಹೊತ್ತು ಮೊದಲೇ ಸಡಿಲಾಗಿರುವ ಶ್ರೋಣಿಯ (ಸೊಂಟದ ತಳದ) ಸ್ನಾಯುಗಳ ಮೇಲೆ ಬೀಳುತ್ತದೆ. ಕೆಮ್ಮಿದಾಗ ಮೂತ್ರ ಹನಿಯುವುದು, ಕೆಳಗೆ ಭಾರ ಎನಿಸುವುದು, ಎದೆಯುರಿ, ಇವು ಅತಿಬಿಗಿಯ ಗುರುತು. ಎರಡು-ಮೂರು ತಾಸಿಗೊಮ್ಮೆ ಬಿಚ್ಚಿ ಗಾಳಿಯಾಡಲು ಬಿಡಿ, ಮಲಗುವಾಗ ಬೇಡವೇ ಬೇಡ. ಗಾಯ ಕೆಂಪಾಗಿದ್ದರೆ, ಒಸರುತ್ತಿದ್ದರೆ ಬೆಲ್ಟ್ ತೆಗೆದಿಟ್ಟು ಡಾಕ್ಟರಿಗೆ ತೋರಿಸಿ.

ತೊಳೆಯುವಾಗ ವೆಲ್ಕ್ರೋ ಮುಚ್ಚಿ, ಉಗುರುಬೆಚ್ಚಗಿನ ನೀರಲ್ಲಿ ಕೈಯಿಂದ ತೊಳೆದು, ಹಿಂಡದೆ ನೆರಳಲ್ಲಿ ಒಣಗಿಸಿ. ಮಾಳಿಗೆಯ ಬಿಸಿಲಿಗೆ ಹಾಕಿದರೆ ತಿಂಗಳೊಳಗೆ ಎಲಾಸ್ಟಿಕ್ ಸತ್ತುಹೋಗುತ್ತದೆ. ಹಾಗಾಗಿ ಎರಡು ಸಾಧಾರಣ ಬೆಲೆಯ ಬೆಲ್ಟ್ ಇಟ್ಟುಕೊಂಡು ಅದಲುಬದಲು ಮಾಡುವುದು ಒಂದು ದುಬಾರಿಯದಕ್ಕಿಂತ ಮೇಲು. ಅಜ್ಜಿಯರು ಸುತ್ತುವ ಹಳೇ ಹತ್ತಿ ಸೀರೆಯ ಪಟ್ಟಿಯನ್ನೂ ತಳ್ಳಿಹಾಕುವಂತಿಲ್ಲ, ಬಿಗಿತದ ಲೆಕ್ಕ ಅದಕ್ಕೂ ಇದೇ.

ಹೊಟ್ಟೆಯ ನಡುವಿನ ಸ್ನಾಯು ಬಿಟ್ಟುಕೊಂಡಿರುವುದನ್ನು ಬೆಲ್ಟ್ ಕೂಡಿಸುವುದಿಲ್ಲ, ಕೂಡಿಸುವುದು ವ್ಯಾಯಾಮ. ಪರೀಕ್ಷೆ ಸುಲಭ. ಅಂಗಾತ ಮಲಗಿ, ಮಂಡಿ ಮಡಚಿ, ಹೊಕ್ಕುಳ ಮೇಲೆ ಬೆರಳುಗಳನ್ನು ಅಡ್ಡಲಾಗಿಟ್ಟು ತಲೆಯನ್ನಷ್ಟೇ ಎತ್ತಿ. 8 ವಾರವಾದ ಮೇಲೂ ಎರಡು ಬೆರಳಿಗಿಂತ ಹೆಚ್ಚು ಸಂದು ಸಿಕ್ಕರೆ, ಅಥವಾ ಹೊಟ್ಟೆ ನಡುವೆ ದಿಣ್ಣೆಯಂತೆ ಉಬ್ಬಿದರೆ ಫಿಸಿಯೋಥೆರಪಿಯವರನ್ನು ಕಾಣಿ. ಅದಕ್ಕೆ ಕೊಡುವ ಹಣ ಮೂರನೇ ಬೆಲ್ಟಿಗಿಂತ ಉಪಯೋಗ. ಶ್ರೋಣಿಯ ಸ್ನಾಯುಗಳಿಗೆ ಸಾಮಾನೇ ಬೇಡ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು 5 ಸೆಕೆಂಡಿನಿಂದ ಶುರುಮಾಡಿ, ದಿನ ಕಳೆದಂತೆ 10 ಸೆಕೆಂಡು ಬಿಗಿಹಿಡಿದು ಬಿಡಿ. ಒಂದು ಸಲಕ್ಕೆ 10, ದಿನಕ್ಕೆ ಮೂರು ಸಲ. ಮೂತ್ರದ ನಳಿಕೆ ಹಾಕಿರುವಾಗ ಮಾಡಬಾರದು; ಮೂತ್ರ ಮಾಡುತ್ತಾ ತಡೆಯುವುದನ್ನು ರೂಢಿ ಮಾಡಿಕೊಳ್ಳಬಾರದು.

ಸಹಜ ಹೆರಿಗೆಯಲ್ಲಿ ಬಿದ್ದ ಕೆಳಗಿನ ಹೊಲಿಗೆಗೆಂದು ಮಾರುವ ಸಿಟ್ಸ್ ಬಾತ್ ತೊಟ್ಟಿ, ಅಂದರೆ ಬೆಚ್ಚಗಿನ ನೀರಲ್ಲಿ ಕೂರುವ ತೊಟ್ಟಿ, ಕಮೋಡಿನ ಮೇಲೆ ಕೂರಿಸಲು ಮಾಡಿದ್ದು. ಇಂಡಿಯನ್ ಶೌಚಾಲಯವಿರುವ ಮನೆಗೆ ಅದು ಪೂರ್ತಿ ನಿರುಪಯೋಗ. ಅಗಲ ಬಾಯಿಯ ಪ್ಲಾಸ್ಟಿಕ್ ಬೇಸನ್ ಒಂದನ್ನು ಅಲುಗಾಡದ ಗಿಡ್ಡ ಮಣೆಯ ಮೇಲಿಟ್ಟು, ಸೊಂಟ ಮುಳುಗುವಷ್ಟು ಉಗುರುಬೆಚ್ಚಗಿನ ನೀರು ಹಾಕಿ 10ರಿಂದ 15 ನಿಮಿಷ ಕೂತರೆ ಅದೇ ಕೆಲಸ ಆಗುತ್ತದೆ, ದಿನಕ್ಕೆ ಎರಡು-ಮೂರು ಸಲ. ಡೆಟಾಲ್ ಸುರಿಯಬೇಡಿ, ಹಸಿ ಚರ್ಮ ಉರಿದು ಒಣಗುತ್ತದೆ. ನಡುವೆ ತೂತಿರುವ ರಬ್ಬರ್ ಟ್ಯೂಬಿನ ದಿಂಬಿನ ಮೇಲೆ ಹೊತ್ತುಗಟ್ಟಲೆ ಕೂರುವುದಕ್ಕಿಂತ ಮೆತ್ತನೆಯ ಸಾದಾ ದಿಂಬು ಒಳ್ಳೆಯದು. ತೂತಿನ ಜಾಗದಲ್ಲಿ ಹೊಲಿಗೆ ಕೆಳಕ್ಕೆ ಜಗ್ಗುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಇನ್ನೂ ಇರುವ ಮನೆಗಳಿಗೆ ಒಂದು ಮಾತು: ಮಲ ಗಟ್ಟಿಯಾಗಿ ಹೊಲಿಗೆ ಹರಿದರೆ ಯಾವ ತೊಟ್ಟಿಯೂ ನೆರವಾಗದು.

ಪ್ಯಾಡಿನಲ್ಲಿ ಮೊದಲ ದಿನಗಳಿಗೆ ಉದ್ದನೆಯ ಮೆಟರ್ನಿಟಿ ಪ್ಯಾಡು ಅಥವಾ ಬಳಸಿ ಬಿಸಾಡುವ ಚಡ್ಡಿ, ಆಮೇಲೆ ಸಾಮಾನ್ಯ ಪ್ಯಾಡು. ಒಂದೇ ಸಲಕ್ಕೆ ಮೂಟೆಗಟ್ಟಲೆ ಬೇಡ. ಸ್ರಾವ ಮೊದಲು ಕೆಂಪು, ನಂತರ ಕಂದು, ಕಡೆಗೆ ಹಳದಿ-ಬಿಳಿ ಆಗಿ 4ರಿಂದ 6 ವಾರದಲ್ಲಿ ನಿಲ್ಲುತ್ತದೆ. ಒಂದೇ ತಾಸಿನಲ್ಲಿ ಪ್ಯಾಡು ಪೂರ್ತಿ ತೊಯ್ದರೆ, 100.4 ಡಿಗ್ರಿ ದಾಟಿದ ಜ್ವರ ಬಂದರೆ, ಒಂದೇ ಕಾಲು ಊದಿ ನೋವು ಬಂದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ 108ಕ್ಕೆ ಕರೆ ಮಾಡಿ.

ಇನ್ನು ಬ್ರೆಸ್ಟ್ ಪಂಪ್. ಕೂಸು ಮೊಲೆಗೆ ಸರಿಯಾಗಿ ಕಚ್ಚಿ ಕುಡಿಯುತ್ತಿದ್ದು, ತಾಯಿ ಮನೆಯಲ್ಲೇ ಇದ್ದರೆ ಪಂಪ್ ಬೇಕಿಲ್ಲ. ಕೆಲಸಕ್ಕೆ ಮರಳುವವರಿಗೆ, ಕೂಸು ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ) ಇದ್ದವರಿಗೆ ಬೇಕು. ಮೊದಲ ಎರಡು-ಮೂರು ದಿನದ ಗಿಣ್ಣುಹಾಲು ದಪ್ಪ, ಅಳತೆಯೂ ಕಡಿಮೆ. ಪಂಪಿನ ಗೋಡೆಗೇ ಅಂಟಿ ಹೋಗುತ್ತದೆ. ಅದನ್ನು ಕೈಯಿಂದ ಹಿಂಡಿ ಚಮಚಕ್ಕೋ ಒಳಲೆಗೋ (ಕೂಸಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲಿಗೋ) ಹಿಡಿಯುವುದೇ ಸರಿ.

ಎಲೆಕ್ಟ್ರಿಕ್ ಕೊಳ್ಳುವುದಾದರೆ ಒಳಗೆ ಬ್ಯಾಟರಿ ಇರುವ, ಯುಎಸ್‌ಬಿ ಚಾರ್ಜಿನದೇ ಇರಲಿ, ಪವರ್ ಬ್ಯಾಂಕಿನಿಂದಲೂ ನಡೆಯುತ್ತದೆ. ಗೋಡೆಯ ಪ್ಲಗ್ಗಿಗೇ ಜೋತುಬೀಳುವ ಮಾದರಿ ಎಷ್ಟೇ ಹೆಸರುವಾಸಿಯಾದರೂ ಇಲ್ಲಿ ಬೇಡ. ಹಾಲು ಟ್ಯೂಬಿನೊಳಕ್ಕೆ ಹಿಮ್ಮರಳದಂತೆ ತಡೆಯುವ ಪೊರೆ ಇದೆಯೇ ಕೇಳಿ. ಇಲ್ಲದಿದ್ದರೆ ಮೋಟರಿಗೆ ತೇವ ಹೋಗಿ ಬೂಷ್ಟು ಹಿಡಿಯುತ್ತದೆ. ಎದೆಗೆ ಹಚ್ಚುವ ಫನಲ್ ಸಾಮಾನ್ಯವಾಗಿ 24 ಮಿಲಿಮೀಟರಿನದು ಪೆಟ್ಟಿಗೆಯಲ್ಲಿ ಬರುತ್ತದೆ, ಎಲ್ಲರಿಗೂ ಅದು ಹೊಂದದು. ಮೊಲೆತೊಟ್ಟಿನ ಬುಡದ ಅಗಲವನ್ನಷ್ಟೇ ಅಳೆದು, ಅದಕ್ಕೆ 3 ಮಿಲಿಮೀಟರಿನ ಒಳಗೆ ಸೇರಿಸಿ ಆರಿಸಿ. ಸುತ್ತಲ ಕಪ್ಪು ಭಾಗವೂ ಒಳಗೆ ಎಳೆದುಕೊಂಡರೆ ದೊಡ್ಡದಾಯಿತು. ತೊಟ್ಟು ಗೋಡೆಗೆ ಉಜ್ಜಿ ಬಿಳಿಚಿಕೊಂಡರೆ ಚಿಕ್ಕದಾಯಿತು. ಎರಡರಲ್ಲೂ ನೋವು ಹೆಚ್ಚು, ಹಾಲು ಕಡಿಮೆ. ಅದಕ್ಕೇ 'ನನಗೆ ಹಾಲೇ ಇಲ್ಲ' ಎಂಬ ತೀರ್ಮಾನಕ್ಕೆ ಬರುವ ಮೊದಲು ಫನಲ್ ಬದಲಿಸಿ ನೋಡಬೇಕು.

ಮೊದಲೆಲ್ಲ ಚೆನ್ನಾಗಿ ಎಳೆಯುತ್ತಿದ್ದ ಪಂಪು ಕ್ರಮೇಣ ಸೋತರೆ ಮೋಟರನ್ನು ಬೈಯಬೇಡಿ. ಬಾತುಕೋಳಿ ಕೊಕ್ಕಿನಾಕಾರದ ಚಿಕ್ಕ ಸಿಲಿಕಾನ್ ವಾಲ್ವಿನ ಸೀಳು ಅಗಲವಾಗಿರುತ್ತದೆ, ಹೆಚ್ಚಿನ ಸಲ ಬ್ರಷ್ ಹಾಕಿ ತಿಕ್ಕಿದ್ದರಿಂದ. ಅದನ್ನು ಬೆರಳಲ್ಲೇ ತೊಳೆಯಬೇಕು. ಬಿಡಿ ವಾಲ್ವ್ ಸಿಗದ ಕಂಪನಿಯ ಪಂಪು ಅಗ್ಗವಾದರೂ ಬೇಡ.

ಹಿಂಡಿದ ಹಾಲು ಕೋಣೆಯಲ್ಲಿ 4 ತಾಸು ಇರುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಆ ಲೆಕ್ಕ 25 ಡಿಗ್ರಿಯ ಒಳಗಿನ ಕೋಣೆಗೆ. ನಮ್ಮ ಬೇಸಿಗೆಯ ಕೋಣೆಗೆ ಅದನ್ನು ಹಚ್ಚಬೇಡಿ, ಹಿಂಡಿದ ಕೂಡಲೇ ಫ್ರಿಜ್ಜಿಗೆ ಇಡಿ. ಬಾಗಿಲಲ್ಲಿ ಬೇಡ, ಒಳಗಿನ ಹಿಂಭಾಗದಲ್ಲಿ. 4 ದಿನದೊಳಗೆ ಬಳಸಿ. ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಇಟ್ಟ ಕೂಲರ್ ಬ್ಯಾಗಿನಲ್ಲಿ 24 ತಾಸು ತಡೆಯುತ್ತದೆ. ಈ ಬ್ಯಾಗು ಇಡೀ ಪಟ್ಟಿಯಲ್ಲೇ ಅತ್ಯಂತ ಲಾಭದ ಖರೀದಿ. ಕೂಸು ಬಾಯಿ ಹಚ್ಚಿ ಉಳಿಸಿದ ಹಾಲು 2 ತಾಸಿನ ಮೇಲೆ ಚೆಲ್ಲಬೇಕು.

ಪಂಪಿನ ಭಾಗ, ಬಾಟಲಿಗಳನ್ನು ಹಬೆಯಲ್ಲಿ ಸೋಂಕುಮುಕ್ತ ಮಾಡುವ ಸ್ಟೀಮ್ ಸ್ಟೆರಿಲೈಜರಿಗೆ ಬೋರ್ ನೀರು ಹಾಕಿದರೆ ಬಿಸಿತಟ್ಟೆಯ ಮೇಲೆ ಸುಣ್ಣ ಕಟ್ಟಿ, ಕಡೆಗೆ ಕಾಯುವುದೇ ನಿಲ್ಲುತ್ತದೆ. ಆರ್‌ಒ ನೀರು ಬಳಸಿ. ಪೊರೆ ಕಟ್ಟಿದ್ದರೆ ಬಿಳಿ ವಿನೆಗರ್, ನೀರು ಸಮಸಮ ಹಾಕಿ ಅರ್ಧ ತಾಸು ಬಿಟ್ಟು ಚೆನ್ನಾಗಿ ತೊಳೆಯಿರಿ. ನಿಜ ಹೇಳಬೇಕೆಂದರೆ ಅವನ್ನು ಮುಚ್ಚಳವಿರುವ ಸ್ಟೀಲ್ ಪಾತ್ರೆಯಲ್ಲಿ 5 ನಿಮಿಷ ಕುದಿಸಿದರೆ ಸಾಕು. ಹಾಲಿನ ಬಾಟಲಿ ಕಾಂಬೋ ಪ್ಯಾಕಿನಲ್ಲಿ ಫ್ರೀ ಎಂದು ಕೊಟ್ಟರೆ ಹಿಗ್ಗಬೇಡಿ: ಬಾಟಲಿಯ ಜಾಹೀರಾತು, ಮಾರಾಟ ಹೆಚ್ಚಿಸಲು ಉಚಿತ ಹಂಚಿಕೆ ಎರಡನ್ನೂ ಶಿಶು ಆಹಾರ, ಹಾಲಿನ ಬಾಟಲಿ ಕುರಿತ 1992ರ ಕಾಯ್ದೆ ನಿಷೇಧಿಸಿದೆ. ಬಾಟಲಿಗಿಂತ ಒಳಲೆ ಮೇಲು, ಅದಕ್ಕೆ ಸಂದುಗೊಂದಿಲ್ಲ, ತೊಳೆಯುವುದೂ ಸಲೀಸು.

ಸ್ಪ್ರಿಂಗ್ ಜೋಳಿಗೆ ಮನೆಮನೆಯಲ್ಲೂ ಇದೆ. ಬಟ್ಟೆಯಲ್ಲಿ ಕೂಸು ಬಾಗಿದಾಗ ಗದ್ದ ಎದೆಗೆ ತಾಗಿ ಉಸಿರಿನ ದಾರಿ ಕಿರಿದಾಗುತ್ತದೆ. ದೊಡ್ಡವರು ಕಣ್ಣಿಟ್ಟಿರುವಾಗ ಮಾತ್ರ ತೂಗಿ, ನಿದ್ದೆ ಹತ್ತಿದ ಮೇಲೆ ಗಟ್ಟಿ ಸಮತಟ್ಟು ಹಾಸಿಗೆಗೆ ಇಳಿಸಿ. ಕೌದಿ ಕೆಳಗೆ ಬಿಗಿಯಾಗಿ ಹಾಸಿ, ಮುಖದ ಹತ್ತಿರ ಬೇಡ. ಕೊಪ್ಪಳದ ಪಕ್ಕದ ಕಿನ್ನಾಳದ ಬಣ್ಣದ ತೊಟ್ಟಿಲು ನೋಡಲು ಚೆಂದ, ನಾಮಕರಣಕ್ಕೆ ಒಪ್ಪುತ್ತದೆ. ಮಲಗಿಸಲೂ ಬಳಸುವುದಾದರೆ ಕಂಬಿಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದು ಇರಬಾರದು, ಹಲ್ಲು ಬರುವ ಕೂಸು ಅಂಚು ಕಚ್ಚುವುದರಿಂದ ಬಣ್ಣ ಯಾವುದೆಂದು ಕೇಳಲೇಬೇಕು.

ಕೂಸನ್ನು ಮೈಗೆ ಕಟ್ಟಿಕೊಂಡು ಒಯ್ಯುವ ಕ್ಯಾರಿಯರ್ ಜೀನ್ಸ್ ಬಟ್ಟೆಯದು ಬೇಡ, ಜೀನ್ಸ್ ಹೊಲಿಯುವ ಊರಿನಲ್ಲಿ ಕೂತು ಹೇಳುವುದೇ ಸೋಜಿಗ. ತೆಳು ಹತ್ತಿಯದು, ಕೂಸಿನ ಮಂಡಿ ಅಂಡಿಗಿಂತ ಮೇಲೆ ಬರುವಷ್ಟು ಅಗಲ ಪೀಠದ್ದು ಇರಲಿ. ಕಾಲು ನೇತಾಡಿಸುವ ಇಕ್ಕಟ್ಟಿನದು ಸೊಂಟದ ಕೀಲಿಗೆ ಒಳ್ಳೆಯದಲ್ಲ. ವಾಕರ್ ಯಾವ ಬೆಲೆಗೂ ಬೇಡ, ಕೆನಡಾ 2004ರಲ್ಲೇ ಅದರ ಮಾರಾಟ ನಿಲ್ಲಿಸಿದೆ.

ಬೆಲ್ಟ್, ಪ್ಯಾಡು, ಬೇಸನ್ನಿಗೆ ಆಸ್ಪತ್ರೆ ಸುತ್ತಲಿನ ಸರ್ಜಿಕಲ್ ಅಂಗಡಿ ಸಾಕು. ಕೆಲವರು ಬೆಲ್ಟ್ ಸುತ್ತಿ ನೋಡಲೂ ಬಿಡುತ್ತಾರೆ. ಬೆಂಗಳೂರು ರಸ್ತೆಯ ಅಂಗಡಿಸಾಲಿನಲ್ಲಿ ಲಂಗೋಟಿ, ಮಲ್ಮಲ್ ಬಟ್ಟೆ ನೋಡಬಹುದು. ಪಂಪಿನ ಸೀಲ್ ಒಡೆದರೆ ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಮೋಟರನ್ನು ಕೌಂಟರಿನಲ್ಲೇ ಆನ್ ಮಾಡಿಸಿ, ಫನಲ್ಲಿನ ಬಾಯಿಗೆ ಅಂಗೈ ಮುಚ್ಚಿ ಎಳೆತ ನೋಡಿ, ಬಿಲ್ಲಿನ ಮೇಲೆ ವಾರಂಟಿ ಬರೆಸಿಕೊಳ್ಳಿ.